ಅಮ್ಮನ ಮಂಡಿ, ಅಡಕತ್ತರಿ ಮತ್ತು ಎರಡು ವಿಮಾನ ನಿಲ್ದಾಣಗಳ ತಪಾಸಣೆ

ಕಳೆದ ತಿಂಗಳು ಅಮ್ಮನನ್ನು ಕರೆದುಕೊಂಡು ಅಣ್ಣನ ಮನೆಗೆ ಹೋಗಿ ಬಂದೆ. ಹೋಗುವಾಗ ಹತ್ತಿದ್ದು ನಮ್ಮ ಶಿವಮೊಗ್ಗದ ಸೋಗಾನೆಯಿಂದ, ನಡುವೆ ಒಂದು ಕಡೆ ವಿಮಾನ ಬದಲಿಸಿದೆವು. ಬರುವಾಗ ಹತ್ತಿದ್ದು ಅಣ್ಣ ಇರುವ ದೊಡ್ಡ ಊರಿನ ನಿಲ್ದಾಣದಿಂದ, ಅದರ ಹೆಸರು ಇಲ್ಲಿ ಬೇಡ. ವಿಮಾನದ ಸೀಟು, ಊಟ, ತಡವಾಗಿದ್ದು ಇದರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಸೆಕ್ಯುರಿಟಿ ತಪಾಸಣೆ ಬಗ್ಗೆ ಮಾತ್ರ. ಅದೂ ಒಂದು ಸೇವೆ ಅಲ್ವಾ? ಪುಕ್ಕಟೆ ಸೇವೆಯೂ ಅಲ್ಲ. ಟಿಕೆಟ್ ಬಿಲ್ ತೆಗೆದು ನೋಡಿ, ಭದ್ರತಾ ಶುಲ್ಕ ಅಂತ ಒಂದು ಸಾಲು ಇರುತ್ತದೆ. ದೇಶದೊಳಗಿನ ಪ್ರಯಾಣಕ್ಕೆ 2021ರ ಏಪ್ರಿಲ್‌ನಿಂದ ಅದನ್ನು ತಲೆಗೆ 200 ರೂಪಾಯಿ ಮಾಡಿದರು. ದುಡ್ಡು ಕೊಟ್ಟಿದ್ದೇವೆ, ಹೇಗಿತ್ತು ಅಂತ ಹೇಳಬೇಕು.

ಅಮ್ಮನಿಗೆ 71 ವರ್ಷ. ತೀರ್ಥಹಳ್ಳಿ ಹತ್ತಿರದ ಹಳ್ಳಿಮನೆಯಲ್ಲೇ ಇರುತ್ತಾಳೆ. ನಾಲ್ಕು ವರ್ಷದ ಹಿಂದೆ ಬಲಗಾಲಿನ ಮಂಡಿ ಬದಲಿಸುವ ಆಪರೇಷನ್ ಆಗಿದೆ, ಒಳಗೆ ಲೋಹದ ಕೀಲು ಇದೆ. ಹಾಗಾಗಿ ಮೆಟಲ್ ಡಿಟೆಕ್ಟರ್ ಬಾಗಿಲಲ್ಲಿ ಅವಳು ನಡೆದರೆ ಅದು ಕೂಗಿಯೇ ಕೂಗುತ್ತದೆ. ಬಳೆ ತೆಗೆದರೂ ಕೂಗುತ್ತದೆ, ಸರ ತೆಗೆದರೂ ಕೂಗುತ್ತದೆ. ಮಂಡಿ ಬದಲಿಸಿಕೊಂಡವರು ಮನೆಯಲ್ಲಿದ್ದರೆ ನಿಮಗೂ ಇದು ಗೊತ್ತಿರುತ್ತದೆ.

ಮೊದಲು ಸೋಗಾನೆ. 2023ರ ಫೆಬ್ರವರಿ 27ಕ್ಕೆ ಉದ್ಘಾಟನೆಯಾಗಿ, ಅದೇ ವರ್ಷ ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ವಿಮಾನ ಬಂದ ನಿಲ್ದಾಣ ಇದು, ಕುವೆಂಪು ಅವರ ಹೆಸರಿಟ್ಟಿದ್ದಾರೆ. ತಾವರೆ ಆಕಾರದ ಕಟ್ಟಡ. ಚಿಕ್ಕದು, ಬಾಗಿಲಿಂದ ತಪಾಸಣೆ ಜಾಗಕ್ಕೆ ಮಂಡಿ ನೋವಿನವರೂ ನಡೆದುಕೊಂಡು ಹೋಗಬಹುದು. ನಮ್ಮನ್ನು ಬಿಡಲು ಅಕ್ಕನ ಮಗ ಕಾರಲ್ಲಿ ಬಂದಿದ್ದ. ಅಪ್ಪೆಮಿಡಿ ಉಪ್ಪಿನಕಾಯಿ ಭರಣಿಯನ್ನು ನಾಲ್ಕು ಸುತ್ತು ಪ್ಲಾಸ್ಟಿಕ್ ಸುತ್ತಿ, ಜೋನಿಬೆಲ್ಲದ ಬಾಟಲಿಯನ್ನು ಹಳೇ ಟವೆಲ್‌ನಲ್ಲಿ ಕಟ್ಟಿ ದೊಡ್ಡ ಬ್ಯಾಗಿಗೆ ಹಾಕಿದ್ದೆವು. ಅಷ್ಟೆಲ್ಲ ಜಾಗ್ರತೆ ಮಾಡಿದವರು ಅಮ್ಮನ ಎಲೆಅಡಿಕೆ ಸಂಚಿಯನ್ನು ಮರೆತೆವು. ಅದು ಅವಳ ಕೈಚೀಲದ ಒಳಗೇ ಇತ್ತು.

ಎಕ್ಸ್‌ರೇ ಯಂತ್ರದ ಹತ್ತಿರ ಚೀಲ ನಿಂತಿತು. ಅಲ್ಲಿದ್ದವರು ಚೀಲ ತೆಗೆಯುವ ಮೊದಲು ಅಮ್ಮನನ್ನು ಕರೆದು ಪರದೆ ತೋರಿಸಿದರು. ಒಳಗೆ ಅಡಕತ್ತರಿ ಇದೆಯಾ ಅಮ್ಮ, ಅಂತ ಕೇಳಿದರು. ಪರದೆ ಮೇಲೆ ನೋಡಿದ ತಕ್ಷಣ ಅದು ಅಡಕತ್ತರಿ ಅಂತ ಅವರಿಗೆ ಗೊತ್ತಾಗಿದೆ ನೋಡಿ, ನಮ್ಮ ಕಡೆಯ ನಿಲ್ದಾಣಕ್ಕೆ ಅದೊಂದು ಅನುಕೂಲ. ಹಿತ್ತಾಳೆಯ ಹಳೇ ಅಡಕತ್ತರಿ, ಹಿಡಿಯ ತುದಿಯಲ್ಲಿ ಗಿಣಿ ತಲೆ ಇದೆ, ಅಜ್ಜಿಯಿಂದ ಅಮ್ಮನಿಗೆ ಬಂದದ್ದು. ಅಲಗು ಇನ್ನೂ ಹರಿತ. ಇದನ್ನು ಒಳಗೆ ಬಿಡಲು ಆಗುವುದಿಲ್ಲ ಅಂದರು. ಅದರಲ್ಲಿ ತಪ್ಪೇನಿಲ್ಲ, ಹರಿತವಾದದ್ದು ಸೀಟಿನ ಹತ್ತಿರ ಹೋಗಬಾರದು. ಆದರೆ ಕಸದ ಡಬ್ಬಿಗೆ ಹಾಕಿ ಅನ್ನಲಿಲ್ಲ. ಬಿಡಲು ಬಂದವರು ಇನ್ನೂ ಹೊರಗಿದ್ದಾರಾ ಅಂತ ಕೇಳಿದರು. ಅಕ್ಕನ ಮಗನಿಗೆ ಫೋನ್ ಮಾಡಿದೆ, ಅವನು ಕಾರು ತಿರುಗಿಸಿಕೊಂಡು ವಾಪಸ್ ಬಂದ, ನಾನು ಹೊರಗೆ ಹೋಗಿ ಕೊಟ್ಟು ಬಂದೆ. ಹತ್ತು ನಿಮಿಷ ಹಿಡಿಯಿತು ಅಷ್ಟೇ.

ಆಮೇಲೆ ಮಂಡಿ. ಬಾಗಿಲು ಕೂಗಿತು. ಅಲ್ಲಿದ್ದ ಹುಡುಗಿ ಅಮ್ಮನನ್ನು ಪರದೆ ಒಳಗೆ ಕರೆದುಕೊಂಡು ಹೋಗಿ ಕುರ್ಚಿ ಹಾಕಿ ಕೂರಿಸಿದಳು. ನನ್ನನ್ನೂ ಒಳಗೆ ಬಿಟ್ಟಳು. ಪರದೆಯನ್ನು ಈ ತುದಿಯಿಂದ ಆ ತುದಿಗೆ ಪೂರ್ತಿ ಎಳೆದಳು, ನಡುವೆ ಸಂದಿ ಉಳಿದಿದೆಯಾ ಅಂತ ಒಂದು ಸಲ ತಿರುಗಿ ನೋಡಿದಳು. "ಅಮ್ಮ, ಮಂಡಿ ಹತ್ರ ಮುಟ್ಟಿ ನೋಡ್ತೀನಿ, ಆಗಬಹುದಾ? ನೋವಾದ್ರೆ ಹೇಳಿ" ಅಂದಳು. ಸೀರೆ ಮೇಲಿಂದಲೇ ಕೈಯಲ್ಲಿದ್ದ ಯಂತ್ರ ಆಡಿಸಿದಳು, ಅದು ಮಂಡಿಯ ಹತ್ತಿರ ಮಾತ್ರ ಕೂಗಿತು. ಅಂಗೈ ಇಟ್ಟು ಸುತ್ತಲೂ ಒತ್ತಿ ನೋಡಿದಳು. ಆಸ್ಪತ್ರೆಯವರು ಕೊಟ್ಟ ಕಾರ್ಡನ್ನು ಓದಿದಳು. ಮುಗಿಯಿತು. ಹೊರಗೆ ಬಂದ ಅಮ್ಮ "ಒಳ್ಳೇ ಹುಡುಗಿ, ಯಾವ ಊರಿನವಳೋ ಕೇಳ್ಬೇಕಿತ್ತು" ಅಂದಳು. ಎರಡು ಮೂರು ನಿಮಿಷದ ಕೆಲಸ. ತಪಾಸಣೆಯಲ್ಲಿ ಏನೂ ಬಿಟ್ಟಿಲ್ಲ, ಮುಟ್ಟಬೇಕಾದ್ದನ್ನು ಮುಟ್ಟಿ ನೋಡಿದ್ದಾಳೆ. ಆದರೂ ಅಮ್ಮನ ಮುಖದಲ್ಲಿ ಕಸಿವಿಸಿ ಇರಲಿಲ್ಲ.

ಸೋಗಾನೆಗೆ ಐದಕ್ಕೆ ಐದು.

ತಪಾಸಣೆಯೇ ಬೇಡ ಅನ್ನುವವಳು ನಾನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. 1999ರ ಡಿಸೆಂಬರ್ ನನಗೆ ಚೆನ್ನಾಗಿ ನೆನಪಿದೆ. ಕಠ್ಮಂಡುವಿನಿಂದ ದೆಹಲಿಗೆ ಹೊರಟ ಐಸಿ 814 ವಿಮಾನವನ್ನು 24ನೇ ತಾರೀಖು ಅಪಹರಿಸಿ ಕಂದಹಾರಕ್ಕೆ ಒಯ್ದಿದ್ದರು. ವರ್ಷದ ಕೊನೇ ದಿನದವರೆಗೆ ಹೆಚ್ಚಿನ ಪ್ರಯಾಣಿಕರು ಒಳಗೇ ಇದ್ದರು. ನಮ್ಮ ಕೇರಿಯಲ್ಲಿ ಟಿವಿ ಇದ್ದದ್ದು ಒಂದೇ ಮನೆಯಲ್ಲಿ, ಅಪ್ಪ ರಾತ್ರಿ ವಾರ್ತೆಗೆ ಅಲ್ಲಿಗೆ ಹೋಗಿ ಕೂರುತ್ತಿದ್ದರು, ನಾನೂ ಹಿಂದೆ ಹೋಗುತ್ತಿದ್ದೆ. ಆಯುಧ ಹಿಡಿದವರು ವಿಮಾನ ಹತ್ತಿದ್ದು ಹೇಗೆ ಅನ್ನುವುದೇ ಎಲ್ಲರ ಪ್ರಶ್ನೆ. ಅದಾದ ಮೇಲೆಯೇ, 2000ದ ಫೆಬ್ರವರಿಯಲ್ಲಿ, ಜೈಪುರದಿಂದ ಶುರುಮಾಡಿ ನಿಲ್ದಾಣಗಳ ಕಾವಲನ್ನು ಕೇಂದ್ರ ಕೈಗಾರಿಕಾ ಭದ್ರತಾ ಪಡೆಗೆ ಕೊಡುತ್ತಾ ಬಂದರು. ಅದಕ್ಕೂ ಮೊದಲು 1985ರ ಜೂನ್ 23ಕ್ಕೆ ಏರ್ ಇಂಡಿಯಾದ ಕನಿಷ್ಕ ವಿಮಾನ ಸಮುದ್ರದ ಮೇಲೆ ಸಿಡಿದು 329 ಜನ ಸತ್ತರು. ಬಾಂಬ್ ಇದ್ದ ಬ್ಯಾಗ್ ವಿಮಾನದ ಹೊಟ್ಟೆಗೆ ಹೋಗಿತ್ತು, ಬ್ಯಾಗಿನ ಧಣಿ ಮಾತ್ರ ಹತ್ತಿರಲಿಲ್ಲ. ಇವತ್ತು ನಾವು ಹತ್ತದಿದ್ದರೆ ನಮ್ಮ ಬ್ಯಾಗನ್ನೂ ಹುಡುಕಿ ಇಳಿಸುತ್ತಾರಲ್ಲ, ಅದರಿಂದ ವಿಮಾನ ತಡವಾಯಿತು ಅಂತ ನಾವು ಗೊಣಗುತ್ತೇವಲ್ಲ, ಆ ನಿಯಮದ ಹಿಂದೆ ಅಷ್ಟು ಹೆಣಗಳಿವೆ. ಹಾಗಾಗಿ ಅಡಕತ್ತರಿ ತೆಗೆಸಿದ್ದಕ್ಕೆ, ಮಂಡಿ ಮುಟ್ಟಿದ್ದಕ್ಕೆ ನನ್ನ ತಕರಾರಿಲ್ಲ. ಅಮ್ಮ ಕೂರುವ ವಿಮಾನವನ್ನು ಚೆನ್ನಾಗಿ ತಪಾಸಣೆ ಮಾಡಲಿ.

ಈಗ ವಾಪಸ್ ಬರುವಾಗಿನ ನಿಲ್ದಾಣ.

ದೊಡ್ಡ ಜಾಗ, ಗಿಜಿಗಿಜಿ ಜನ. ಒಳಗೆ ಹೋಗುವ ಬಾಗಿಲಿನ ಹತ್ತಿರ ಸಮವಸ್ತ್ರ ಇಲ್ಲದ, ಟಿ ಶರ್ಟ್ ಹಾಕಿದ ಒಬ್ಬ ಹುಡುಗ ಕೈಯಲ್ಲಿ ಟ್ಯಾಬ್ ಹಿಡಿದು ನಿಂತಿದ್ದ. ನಾನು ಗುರುತಿನ ಚೀಟಿ ಹುಡುಕುತ್ತಾ ಬ್ಯಾಗಿನೊಳಗೆ ಕೈ ಹಾಕಿದ್ದೆ. ತಲೆ ಎತ್ತುವಷ್ಟರಲ್ಲಿ ಅವನು ಅಮ್ಮನ ಕೈಯಲ್ಲಿದ್ದ ಬೋರ್ಡಿಂಗ್ ಪಾಸ್ ಇಸಿದುಕೊಂಡು ಸ್ಕ್ಯಾನ್ ಮಾಡಿ, ಕ್ಯಾಮೆರಾ ನೋಡಿ ಅಂತ ಸನ್ನೆ ಮಾಡುತ್ತಿದ್ದ. ಅಮ್ಮ ಸೆರಗು ಸರಿಮಾಡಿಕೊಂಡು, ಮದುವೆ ಮನೆಯಲ್ಲಿ ಫೋಟೊಗೆ ನಿಲ್ಲುವ ಹಾಗೆ ನೆಟ್ಟಗೆ ನಿಂತಿದ್ದಳು. ಅವಳಿಗೆ ಹಿಂದಿ ಬರುವುದಿಲ್ಲ. ಏನು ಕೇಳಿದನೋ, ಏನು ಒಪ್ಪಿದಳೋ ಅವಳಿಗೇ ಗೊತ್ತಿಲ್ಲ. ಇದೇನು ಮಾಡ್ತಿದ್ದೀರಿ ಅಂದೆ. ಮುಖ ತೋರಿಸಿದರೆ ಬೇಗ ಒಳಗೆ ಹೋಗಬಹುದು ಅಂದ. ಕಡ್ಡಾಯವಾ ಅಂದೆ. ಹೌದು ಅಂದ. ತೆಗೆದ ಫೋಟೊ ಅಳಿಸಿ ಅಂದೆ. ಅದು ಆಗುವುದಿಲ್ಲ ಮೇಡಂ, ಸಿಸ್ಟಮ್‌ಗೆ ಹೋಗಿಬಿಟ್ಟಿದೆ ಅಂದ. ಹತ್ತು ಹೆಜ್ಜೆ ಆಚೆ ಬಂದೂಕು ಹಿಡಿದು ನಿಂತಿದ್ದ ಪೇದೆಯನ್ನು ಕೇಳಿದರೆ, ಕಡ್ಡಾಯ ಏನಿಲ್ಲ, ಗುರುತಿನ ಚೀಟಿ ತೋರಿಸಿ ಈ ಸಾಲಲ್ಲಿ ಬನ್ನಿ ಅಂದರು. ನಾನು ಆ ಸಾಲಲ್ಲೇ ಹೋದೆ. ಅಮ್ಮನ ಮುಖ ಅಷ್ಟರಲ್ಲಿ ಹೋಗಿ ಆಗಿತ್ತು.

"ಎಂತಕ್ಕೆ ಅಷ್ಟು ಜೋರು ಮಾಡ್ತೀಯ ಮಾರಾಯ್ತಿ, ರೇಷನ್ ಅಂಗಡೀಲೂ ಹೆಬ್ಬೆಟ್ಟು ಒತ್ತಿಸ್ಕೊಳ್ತಾರಪ್ಪ" ಅಂದಳು ಅಮ್ಮ. ಅದೇ ನನಗೆ ಸಂಕಟ. ಹೆಬ್ಬೆಟ್ಟು ಕೊಡು ಅಂದರೆ ಕೊಟ್ಟು, ಮುಖ ಕೊಡು ಅಂದರೆ ಕೊಟ್ಟು, ಎಂತಕ್ಕೆ ಅಂತ ಕೇಳಬಹುದು ಅನ್ನುವುದನ್ನೇ ನಮ್ಮ ಹಿರಿಯರು ಬಿಟ್ಟಿದ್ದಾರೆ.

ಈ ಮುಖದ ವ್ಯವಸ್ಥೆಯ ಹೆಸರು ಡಿಜಿಯಾತ್ರಾ. 2022ರ ಡಿಸೆಂಬರ್ 1ಕ್ಕೆ ದೆಹಲಿ, ಬೆಂಗಳೂರು, ವಾರಾಣಸಿಯಲ್ಲಿ ಶುರುವಾಯಿತು, ಆಮೇಲೆ ಬೇರೆ ನಿಲ್ದಾಣಗಳಿಗೂ ಬಂತು. ಕ್ರಮ ಪ್ರಕಾರ ಆದರೆ ನಾವೇ ಆ್ಯಪ್ ಹಾಕಿಕೊಳ್ಳಬೇಕು, ಆಧಾರ್ ಜೋಡಿಸಬೇಕು, ಸೆಲ್ಫಿ ತೆಗೆಯಬೇಕು. ವಿವರ ನಮ್ಮ ಫೋನಿನಲ್ಲೇ ಇರುತ್ತದೆ, ಹೊರಡುವ ದಿನ ನಿಲ್ದಾಣಕ್ಕೆ ಕಳಿಸುತ್ತೇವೆ, ವಿಮಾನ ಹೋದ 24 ಗಂಟೆಯೊಳಗೆ ಅಲ್ಲಿಂದ ಅಳಿಸಿಹೋಗುತ್ತದೆ ಅಂತ ಹೇಳುತ್ತಾರೆ. ಬೇಕಿದ್ದವರಿಗೆ ಮಾತ್ರ ಅಂತಲೂ ಸರ್ಕಾರ ಹೇಳಿದೆ. ಆ್ಯಪ್ ಹಾಕಿಕೊಂಡು, ಓದಿ, ಒಪ್ಪಿ ಹೋಗುವವರ ಬಗ್ಗೆ ನನ್ನದೇನೂ ಮಾತಿಲ್ಲ, ವಾರಕ್ಕೆರಡು ಸಲ ಓಡಾಡುವವರಿಗೆ ಸಮಯ ಉಳಿಯುತ್ತದೆ. ನಡೆಸುವವರು ಸರ್ಕಾರದವರಲ್ಲ ಅನ್ನುವುದು ಮಾತ್ರ ಎಷ್ಟೋ ಜನಕ್ಕೆ ಗೊತ್ತಿಲ್ಲ. ಡಿಜಿಯಾತ್ರಾ ಫೌಂಡೇಶನ್ ಅನ್ನುವುದು ಲಾಭಕ್ಕಲ್ಲದ ಒಂದು ಕಂಪನಿ. 2019ರಲ್ಲಿ ಕಟ್ಟಿದಾಗ ಶೇಕಡ 26 ಪಾಲು ವಿಮಾನ ನಿಲ್ದಾಣ ಪ್ರಾಧಿಕಾರದ್ದು, ಉಳಿದದ್ದು ಬೆಂಗಳೂರು, ದೆಹಲಿ, ಹೈದರಾಬಾದ್, ಮುಂಬೈ, ಕೊಚ್ಚಿ ನಿಲ್ದಾಣ ನಡೆಸುವ ಕಂಪನಿಗಳದ್ದು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಯಾಕೆಂದರೆ ಎಲ್ಲರೂ ಎರಡನ್ನೂ ಕಲಸಿ ಮಾತಾಡುತ್ತಾರೆ. ಮುಖ ನೋಡುವ ಕ್ಯಾಮೆರಾ ಚಾಕು ಹುಡುಕುವುದಿಲ್ಲ. ಬಾಂಬನ್ನೂ ಹುಡುಕುವುದಿಲ್ಲ. ಟಿಕೆಟ್‌ನಲ್ಲಿರುವ ಹೆಸರಿನವರೇ ಬಂದಿದ್ದಾರಾ ಅಂತ ನೋಡುತ್ತದೆ, ಅದನ್ನು ಬಾಗಿಲಲ್ಲಿ ನಿಂತ ಪೇದೆ ವೋಟರ್ ಕಾರ್ಡ್ ನೋಡಿಯೂ ಮಾಡುತ್ತಾರೆ. ಮುಖ ಕೊಟ್ಟು ಬೇಗ ಒಳಗೆ ಹೋದವರೂ ಮುಂದೆ ಅದೇ ಮೆಟಲ್ ಡಿಟೆಕ್ಟರ್ ಬಾಗಿಲಲ್ಲಿ ಹೋಗಬೇಕು, ಅದೇ ಟ್ರೇಯಲ್ಲಿ ಬೆಲ್ಟು, ಫೋನು ಇಡಬೇಕು. ಅಂದರೆ ಇದು ಸಾಲು ಬೇಗ ಸಾಗಲು ಮಾಡಿದ ಏರ್ಪಾಡು. ಭದ್ರತೆಗೋಸ್ಕರ ಅಂತ ಹೇಳಿ ಇದನ್ನು ಜನರ ಮೇಲೆ ಹೇರಿದರೆ ಅದು ಸುಳ್ಳು ಹೇಳಿದ ಹಾಗೆ. ಮತ್ತೆ ಇನ್ನೊಂದು ವ್ಯತ್ಯಾಸ. ಅಡಕತ್ತರಿ ತಪಾಸಣೆ ಅಲ್ಲೇ ಮುಗಿಯಿತು. ಮಂಡಿ ಮುಟ್ಟಿ ನೋಡಿದ್ದೂ ಅಲ್ಲೇ ಮುಗಿಯಿತು, ಆ ಹುಡುಗಿ ಅದನ್ನು ಎಲ್ಲೂ ಬರೆದಿಟ್ಟುಕೊಳ್ಳಲಿಲ್ಲ. ಮುಖ ಹಾಗಲ್ಲ, ಅದು ಎಲ್ಲಿ ಹೋಗಿ ಕೂರುತ್ತದೆ, ಯಾರ ಹತ್ತಿರ ಇರುತ್ತದೆ ಅಂತ ನಾವು ನೋಡಲು ಆಗುವುದಿಲ್ಲ. ಪಾಸ್‌ವರ್ಡ್ ಕಳೆದರೆ ಬದಲಿಸಬಹುದು. 71 ವರ್ಷದ ಅಮ್ಮನ ಮುಖ ಹೇಗೆ ಬದಲಿಸಲಿ?

ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ, ಇದನ್ನೆಲ್ಲ ಕೇಳಿ "ನಾವೇನು ಕಳ್ಳರಾ ಚಿಕ್ಕಮ್ಮ, ಮುಚ್ಚಿಡೋದು ಏನಿದೆ?" ಅಂದ. ಅವನಿಗೆ ಹಳ್ಳಿಮನೆಯನ್ನೇ ತೋರಿಸಿದೆ. ನಮ್ಮ ಮನೆಗೆ ಗೇಟಿಲ್ಲ. ಅಡಿಕೆ ವ್ಯಾಪಾರದವನು, ಪೋಸ್ಟ್‌ಮ್ಯಾನು, ದಾರಿ ತಪ್ಪಿ ಬಂದವರು, ಎಲ್ಲರೂ ಜಗಲಿಗೆ ಬಂದು ಕೂರುತ್ತಾರೆ. ಬೆಲ್ಲ ನೀರು ಕೊಡುತ್ತೇವೆ. ಆದರೆ ಇಷ್ಟು ವರ್ಷದಲ್ಲಿ ಒಬ್ಬರೂ ಕೇಳದೆ ಜಗಲಿ ದಾಟಿ ನಡುಮನೆಗೆ ಕಾಲಿಟ್ಟಿಲ್ಲ. ಒಳಗೆ ನಾವೇನೂ ಬಚ್ಚಿಟ್ಟುಕೊಂಡಿಲ್ಲ, ಕೇಳಿ ಬರುವುದು ನಮ್ಮ ಕಡೆಯ ಮರ್ಯಾದೆ. ಅವನು ಸ್ವಲ್ಪ ಹೊತ್ತು ಸುಮ್ನೆ ಕೂತ, ಆಮೇಲೆ ಒಪ್ಪಿದನೋ ಇಲ್ಲವೋ, ಫೋಟೊ ಅಳಿಸಿದ್ದಾರಾ ಅಂತ ಕೇಳಿ ನಿಲ್ದಾಣದವರಿಗೆ ಮೇಲ್ ಬರೆಯಲು ಅವನೇ ಕೂತ.

ಇದು ಬರೀ ಮರ್ಯಾದೆಯ ಮಾತೂ ಅಲ್ಲ, ಕಾನೂನೂ ಹೌದು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ಕ್ಕೆ ತೀರ್ಪು ಕೊಟ್ಟರು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ತೀರ್ಪು ಬಂದಾಗ ಅವರಿಗೆ 91 ವರ್ಷ. ಅಮ್ಮನಿಗಿಂತ 20 ವರ್ಷ ದೊಡ್ಡ ವಯಸ್ಸಲ್ಲಿ ಒಬ್ಬರು ಕೋರ್ಟಿನಲ್ಲಿ ಎಂತಕ್ಕೆ ಅಂತ ಕೇಳಿ ಗೆದ್ದಿದ್ದಾರೆ, ಇದನ್ನು ಅಮ್ಮನಿಗೂ ಹೇಳಿದೆ. ಆ ಹಕ್ಕಿಗೆ ಮಿತಿಯೇ ಇಲ್ಲ ಅಂತ ಕೋರ್ಟ್ ಹೇಳಿಲ್ಲ. ಸರ್ಕಾರ ಅದನ್ನು ಕಡಿಮೆ ಮಾಡಬೇಕಾದರೆ ಕಾನೂನು ಇರಬೇಕು, ಸರಿಯಾದ ಕಾರಣ ಇರಬೇಕು, ಕಾರಣಕ್ಕೆ ಎಷ್ಟು ಬೇಕೋ ಅಷ್ಟೇ ಕೈ ಹಾಕಬೇಕು. ಮಂಡಿ ತಪಾಸಣೆಯನ್ನು ಈ ಮೂರರಲ್ಲಿ ಇಟ್ಟು ನೋಡಿ, ಪಾಸಾಗುತ್ತದೆ. ಟ್ಯಾಬ್ ಹಿಡಿದ ಹುಡುಗ ಮಾಡಿದ್ದನ್ನು ಇಟ್ಟು ನೋಡಿ. ಮುಖ ಗುರುತಿಸುವುದಕ್ಕೇ ಅಂತ ಬೇರೆ ಕಾನೂನು ನಮ್ಮಲ್ಲಿ ಇಲ್ಲ. 2023ರಲ್ಲಿ ಬಂದ ಡಿಜಿಟಲ್ ಮಾಹಿತಿ ರಕ್ಷಣೆ ಕಾಯ್ದೆಯಲ್ಲಿ ಒಪ್ಪಿಗೆ ಅಂದರೆ ತಿಳಿದು, ಬಲವಂತ ಇಲ್ಲದೆ ಕೊಟ್ಟದ್ದು ಅಂತಿದೆ, ಕೊಟ್ಟಷ್ಟೇ ಸುಲಭವಾಗಿ ವಾಪಸ್ ತೆಗೆದುಕೊಳ್ಳಲು ಆಗಬೇಕು ಅಂತಿದೆ. ಅದೇ ಕಾಯ್ದೆಯಲ್ಲಿ ಕೇಂದ್ರ ಸರ್ಕಾರ ತನ್ನ ಸಂಸ್ಥೆಗಳಿಗೆ ದೇಶದ ಭದ್ರತೆಯ ಕಾರಣಕ್ಕೆ ವಿನಾಯಿತಿ ಕೊಟ್ಟುಕೊಳ್ಳಲು ಬಾಗಿಲು ತೆರೆದಿಟ್ಟಿದ್ದಾರೆ, ಅದು ನನಗೆ ಸರಿ ಕಾಣುವುದಿಲ್ಲ, ಆದರೆ ಅದು ಬೇರೆ ಕಥೆ.

ಅದೇ ನಿಲ್ದಾಣದಲ್ಲಿ ಮುಂದೆ ಆದದ್ದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಬಾಗಿಲು ಕೂಗಿತು, ಅಮ್ಮನನ್ನು ಪರದೆ ಒಳಗೆ ಕಳಿಸಿದರು, ನನ್ನನ್ನು ಬಿಡಲಿಲ್ಲ. ಪರದೆಯ ಒಂದು ಬದಿಯ ಕೊಂಡಿ ಕಿತ್ತುಹೋಗಿತ್ತು, ಒಂದು ಗೇಣು ಸಂದಿ. ಹೊರಗೆ ಟ್ರೇ ಎತ್ತಿಕೊಳ್ಳಲು ಸಾಲಾಗಿ ನಿಂತವರಿಗೆಲ್ಲ ಒಳಗೆ ಕಾಣುತ್ತಿತ್ತು. ಒಳಗಿದ್ದಾಕೆ ಸೀರೆ ಮೇಲೆ ಎತ್ತಿ ಅಂತ ಸನ್ನೆ ಮಾಡಿದ್ದಾಳೆ. ಅಮ್ಮ ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದು ಕೈಯಲ್ಲಿ ನೆರಿಗೆ ಎತ್ತಿ ಹಿಡಿದುಕೊಂಡು, ಮಂಡಿಯ ಮೇಲಿನ ಆ ಉದ್ದದ ಬಿಳಿ ಗಾಯದ ಗೆರೆ ತೋರಿಸುತ್ತಾ ನಿಂತದ್ದು ಸಂದಿಯಲ್ಲಿ ನನಗೆ ಕಂಡಿತು. ಕುರ್ಚಿ ಇರಲಿಲ್ಲ. ಅಲ್ಲಿದ್ದಾಕೆಯ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ, ಹಿಂದೆ ಇನ್ನೂ ಹದಿನೈದು ಹೆಂಗಸರು ಕಾಯುತ್ತಿದ್ದರು, ಒಬ್ಬಳೇ ಎಷ್ಟು ಮಾಡುತ್ತಾಳೆ. ಇನ್ನಿಬ್ಬರನ್ನು ಹಾಕದ, ಹತ್ತು ರೂಪಾಯಿಯ ಕೊಂಡಿ ಹಾಕಿಸದ ಮೇಲಿನವರ ಮೇಲೆ ಸಿಟ್ಟಿದೆ. ವಿಮಾನದಲ್ಲಿ ಪೂರ್ತಿ ಅಮ್ಮ ಕಿಟಕಿ ಕಡೆ ತಿರುಗಿ ಕೂತಿದ್ದಳು. ಏನಾದರೂ ಕುಡಿತೀಯಾ ಅಂದರೆ ಬೇಡ ಅಂದಳು.

ಇದು ಬರೀ ನಮ್ಮ ಮನೆಯ ದೂರಲ್ಲ. 2021ರ ಅಕ್ಟೋಬರ್‌ನಲ್ಲಿ ನೃತ್ಯಗಾರ್ತಿ, ನಟಿ ಸುಧಾ ಚಂದ್ರನ್ ತಮ್ಮ ಕೃತಕ ಕಾಲನ್ನು ಪ್ರತಿ ಸಲ ಬಿಚ್ಚಿಸುತ್ತಾರೆ ಅಂತ ಪ್ರಧಾನಿಗೆ ಮನವಿ ಮಾಡಿ ವಿಡಿಯೊ ಹಾಕಿದ್ದರು, ಭದ್ರತಾ ಪಡೆ ಕ್ಷಮೆ ಕೇಳಿತು. ಅದೇ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಮನುಷ್ಯರ ಘನತೆ ಉಳಿಯಬೇಕು, ತಪಾಸಣೆಯಲ್ಲಿ ಕೃತಕ ಅಂಗ ಬಿಚ್ಚಿ ಅನ್ನಬಾರದು ಅಂತ ಹೇಳಿತು. ಇವರು ಹೆಸರಾದವರು, ಕೇಳಿದರು, ಸುದ್ದಿಯಾಯಿತು. ನಮ್ಮ ಕಡೆಯ ಅಮ್ಮಂದಿರು ಕೇಳುವುದಿಲ್ಲ, ಮನೆಗೆ ಬಂದು ಇನ್ನು ವಿಮಾನ ಬೇಡ, ಜನಶತಾಬ್ದಿ ರೈಲಲ್ಲೇ ಎಷ್ಟು ದೂರ ಆಗುತ್ತೋ ಅಷ್ಟು ದೂರ ಹೋಗೋಣ ಅನ್ನುತ್ತಾರೆ.

ಎರಡೂ ಒಟ್ಟಿಗೆ ಆಗುವುದಿಲ್ಲ, ಸುರಕ್ಷತೆ ಬೇಕಾದರೆ ಇಷ್ಟು ಸಹಿಸಬೇಕು ಅನ್ನುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ನಿಲ್ದಾಣಗಳಲ್ಲಿ ಮೊದಲು ಹಾಕಿದ್ದ ಒಂದು ಬಗೆಯ ಸ್ಕ್ಯಾನರ್ ಬಟ್ಟೆಯೊಳಗಿನ ಮೈಯನ್ನೇ ಚಿತ್ರದ ಹಾಗೆ ತೋರಿಸುತ್ತಿತ್ತು. ಜನ ಗಲಾಟೆ ಮಾಡಿದರು. ಮೈ ಕಾಣದ ಹಾಗೆ ಮಾಡಿ ಅಂತ ಕಾನೂನೇ ಬಂತು, ಹಾಗೆ ಮಾಡಲಾಗದ ಆ ಎಕ್ಸ್‌ರೇ ಯಂತ್ರಗಳನ್ನು 2013ರಲ್ಲಿ ಎತ್ತಿ ಹೊರಗೆ ಹಾಕಿದರು. ಉಳಿದ ಯಂತ್ರಗಳು ಈಗ ತೋರಿಸುವುದು ಮಕ್ಕಳು ಬಿಡಿಸುವಂಥ ಗೊಂಬೆಯ ಗೆರೆ ಮಾತ್ರ, ಅನುಮಾನ ಇದ್ದ ಕಡೆ ಒಂದು ಚೌಕ ಬರುತ್ತದೆ. ಈ ಯಂತ್ರದ ಅಲೆ ಚರ್ಮದೊಳಗೆ ಹೋಗುವುದಿಲ್ಲ, ಆದ್ದರಿಂದ ಅಮ್ಮನ ಮಂಡಿಯೊಳಗಿನ ಲೋಹ ಅದಕ್ಕೆ ಕಾಣುವುದೇ ಇಲ್ಲ, ಬಟ್ಟೆಯೊಳಗೆ ಏನಾದರೂ ಕಟ್ಟಿಕೊಂಡಿದ್ದರೆ ಕಾಣುತ್ತದೆ. ನಮ್ಮಲ್ಲೂ 84 ನಿಲ್ದಾಣಗಳಿಗೆ ದೇಹ ಸ್ಕ್ಯಾನರ್ ಹಾಕಬೇಕು ಅಂತ 2019ರಲ್ಲೇ ಆದೇಶವಾಗಿತ್ತು. ಗೊಂಬೆಯ ಗೆರೆ ತೋರಿಸುವ ಯಂತ್ರವೇ ಬರಲಿ, ಬೇಗ ಬರಲಿ. ನಮ್ಮವರೂ ಮನಸ್ಸು ಮಾಡಿದರೆ ದಾರಿ ಹುಡುಕುತ್ತಾರೆ. ಶಬರಿಮಲೆಗೆ ಹೋಗುವವರ ಇರುಮುಡಿಯ ತೆಂಗಿನಕಾಯಿಯನ್ನು ಸೀಟಿನ ಹತ್ತಿರ ಒಯ್ಯಲು ಬಿಡುತ್ತಿರಲಿಲ್ಲ. 2024ರ ಅಕ್ಟೋಬರ್‌ನಲ್ಲಿ, ಎಕ್ಸ್‌ರೇ ಮಾಡಿ, ಸ್ಫೋಟಕದ ಪರೀಕ್ಷೆ ಮಾಡಿ, ಕೈಯಲ್ಲೂ ನೋಡಿ ಬಿಡಬಹುದು ಅಂತ 2025ರ ಜನವರಿ 20ರವರೆಗೆ ಒಪ್ಪಿದರು. ತಪಾಸಣೆಯನ್ನೂ ಬಿಡಲಿಲ್ಲ, ಮಾಲೆ ಹಾಕಿದವರ ಮನಸ್ಸನ್ನೂ ನೋಯಿಸಲಿಲ್ಲ.

ದೊಡ್ಡ ಊರಿನ ನಿಲ್ದಾಣಕ್ಕೆ ಐದಕ್ಕೆ ಎರಡು. ಆ ಎರಡೂ, ಕಡ್ಡಾಯವಲ್ಲ ಅಂತ ನಿಜ ಹೇಳಿದ ಪೇದೆಗೆ.

ಮಂಡಿ ಆಪರೇಷನ್ ಆದವರನ್ನು ಕರೆದುಕೊಂಡು ಹೋಗುವವರಿಗೆ ಎರಡು ಮಾತು. ಆಸ್ಪತ್ರೆಯ ಕಾರ್ಡ್ ಮೇಲೆಯೇ ಇರಲಿ, ಬಾಗಿಲು ಕೂಗುವ ಮೊದಲೇ ತೋರಿಸಿ. ಪರದೆ ಒಳಗೆ ಜೊತೆಗೆ ಬರುತ್ತೇನೆ, ಕುರ್ಚಿ ಕೊಡಿ ಅಂತ ಗಟ್ಟಿಯಾಗಿ ಕೇಳಿ, ನಾನು ಆವತ್ತು ಒಂದೇ ಸಲ ಕೇಳಿ ಸುಮ್ಮನಾದೆ. ಯಾರಾದರೂ ಟ್ಯಾಬ್ ಹಿಡಿದು ಹತ್ತಿರ ಬಂದರೆ ಬೋರ್ಡಿಂಗ್ ಪಾಸ್ ಕೈಯಿಂದ ಬಿಡಬೇಡಿ. ಅಡಕತ್ತರಿ ದೊಡ್ಡ ಬ್ಯಾಗಿಗೆ.

ಮೇಲ್ ಕಳಿಸಿ ಮೂರು ವಾರ ಆಯಿತು. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಅಂತ ಒಂದು ಉತ್ತರ ಬಂದಿದೆ, ಫೋಟೊ ಅಳಿಸಿದ್ದಾರಾ ಇಲ್ಲವಾ ಅಂತ ಅದರಲ್ಲಿಲ್ಲ. ವಿಮಾನದ ನಂಬರು, ತಾರೀಖು, ಸಮಯ, ಬಾಗಿಲಿನ ನಂಬರು ಎಲ್ಲ ಹಾಕಿ ಮೊನ್ನೆ ಮತ್ತೆ ಬರೆದಿದ್ದೇವೆ. ಉತ್ತರ ಬಂದ ದಿನ ಇಲ್ಲೇ ಕೆಳಗೆ ಸೇರಿಸುತ್ತೇನೆ.